ಲಿವರ್ ಕಾಯಿಲೆ ಇದ್ದವರು ಸೋಡಾ, ಕೋಲಾ ಕುಡಿಯಬಹುದೇ?

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಫ್ಯಾಟಿ ಲಿವರ್, ಗ್ರೇಡ್ 1’ ಅಂತ ಬಂದ ತಕ್ಷಣ ಮನೆಯಲ್ಲಿ ತುಪ್ಪದ ಡಬ್ಬಿ ಮೇಲಿನ ಕಪಾಟಿಗೆ ಹೋಗುತ್ತದೆ. ಮೊಟ್ಟೆ ನಿಲ್ಲುತ್ತದೆ. ಕರಿದ ತಿಂಡಿ ಬಂದ್. ಫ್ರಿಜ್ಜಿನ ಬಾಗಿಲಲ್ಲಿರುವ ಎರಡು ಲೀಟರಿನ ಕೋಲಾ ಬಾಟಲಿಯ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ. ಅದರಲ್ಲಿ ಕೊಬ್ಬೇ ಇಲ್ಲವಲ್ಲ, ಲಿವರಿಗೆ ಏನು ಮಾಡೀತು ಎಂಬ ಯೋಚನೆ. ಲಿವರ್ ಗಟ್ಟಿಯಾಗಿ ಸಿರೋಸಿಸ್ ಆದವರ ಮನೆಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಒಂದು ಗುಟುಕು ಸೋಡಾ ಕುಡಿದರೂ ಒಳಗೆ ಏನೋ ಒಡೆದುಹೋಗುತ್ತದೆ ಎಂಬ ಹೆದರಿಕೆ. ಎರಡೂ ಸರಿಯಲ್ಲ.

ಮೊದಲು ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ಗುಳ್ಳೆಯಿಂದ ಲಿವರಿಗೆ ಯಾವ ಹಾನಿಯೂ ಇಲ್ಲ. ಬಾಟಲಿಯಲ್ಲಿ ಗುಳ್ಳೆಯ ಜೊತೆ ಇನ್ನೇನು ಕರಗಿದೆ, ನಿಮ್ಮ ಲಿವರ್ ಈಗ ಯಾವ ಹಂತದಲ್ಲಿದೆ ಎನ್ನುವುದನ್ನು ನೋಡಿ ತೀರ್ಮಾನ ಮಾಡಬೇಕು. ಫ್ಯಾಟಿ ಲಿವರ್ ಇದ್ದವರಿಗೆ ಶತ್ರು ಸಕ್ಕರೆ. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಶತ್ರು ಸೋಡಿಯಂ. ಲಿವರ್ ಕಸಿ ಮಾಡಿಸಿಕೊಂಡವರ ಚಿಂತೆಯೇ ಬೇರೆ. ‘ಲಿವರ್ ಕಾಯಿಲೆ’ ಎಂಬ ಒಂದೇ ಹೆಸರಿನಡಿ ಇವರೆಲ್ಲರನ್ನೂ ಸೇರಿಸಿ ಒಂದೇ ಸಲಹೆ ಕೊಟ್ಟರೆ ಅದು ಅರ್ಧ ಜನಕ್ಕೆ ತಪ್ಪಾಗುತ್ತದೆ.

ಗುಳ್ಳೆ ಎಂದರೆ ಇಂಗಾಲದ ಡೈಆಕ್ಸೈಡ್. ಅದನ್ನು ಒತ್ತಡ ಹಾಕಿ ತಣ್ಣನೆ ನೀರಿನಲ್ಲಿ ಕರಗಿಸಿದರೆ ಸೋಡಾ. ಅದರಲ್ಲಿ ಸ್ವಲ್ಪ ಭಾಗ ನೀರಿನ ಜೊತೆ ಸೇರಿ ಕಾರ್ಬಾನಿಕ್ ಆಮ್ಲ ಆಗುತ್ತದೆ. ನಾಲಿಗೆಗೆ ಚುರುಕ್ ಎನ್ನಿಸುವುದು ಅದೇ. ಕುಡಿದಾಗ ಗ್ಯಾಸಿನ ಹೆಚ್ಚು ಪಾಲು ತೇಗಿನಲ್ಲಿ ಹೊರಬರುತ್ತದೆ. ಉಳಿದದ್ದು ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೋಗುತ್ತದೆ. ನಮ್ಮ ದೇಹವೇ ದಿನವಿಡೀ ಇದೇ ಅನಿಲವನ್ನು ತಯಾರಿಸಿ ಶ್ವಾಸಕೋಶದ ಮೂಲಕ ಹೊರಗೆ ಹಾಕುತ್ತಿರುತ್ತದೆ. ಅದರ ಮುಂದೆ ಒಂದು ಬಾಟಲಿ ಸೋಡಾದ ಗ್ಯಾಸ್ ಏನೇನೂ ಅಲ್ಲ. ಲಿವರಿಗೆ ಈ ವ್ಯವಹಾರದಲ್ಲಿ ಕೆಲಸವೇ ಇಲ್ಲ.

ಹಾಗಾದರೆ ತೊಂದರೆ ಎಲ್ಲಿ?

ಸಕ್ಕರೆಯ ದಾರಿ

ಸಾಮಾನ್ಯ ಕೋಲಾ, ಕಿತ್ತಳೆ ಪಾನೀಯ, ನಿಂಬೆ ಪಾನೀಯಗಳಲ್ಲಿ 100 ಮಿ.ಲೀ.ಗೆ ಸುಮಾರು 10ರಿಂದ 11 ಗ್ರಾಂ ಸಕ್ಕರೆ ಇರುತ್ತದೆ. ಕೆಲವದರಲ್ಲಿ ಸ್ವಲ್ಪ ಕಡಿಮೆ, ಕೆಲವದರಲ್ಲಿ ಇನ್ನೂ ಜಾಸ್ತಿ. ಅಂದರೆ 250 ಮಿ.ಲೀ.ನ ಒಂದು ಬಾಟಲಿಯಲ್ಲಿ 26 ಗ್ರಾಂ ಆಸುಪಾಸು, ಐದಾರು ಟೀ ಚಮಚ. ದಿನಕ್ಕೊಂದು ಬಾಟಲಿ ಕುಡಿಯುವವರು ವರ್ಷಕ್ಕೆ ಅದರಿಂದಲೇ ಒಂಬತ್ತೂವರೆ ಕೆಜಿ ಸಕ್ಕರೆ ತಿಂದಂತಾಯಿತು. ಮನೆಗೆ ತರುವ ಸಕ್ಕರೆ ಚೀಲದ ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಹೀಗೆ: ದಿನದ ಒಟ್ಟು ಕ್ಯಾಲೊರಿಯಲ್ಲಿ ಹೊರಗಿನಿಂದ ಸೇರಿಸಿದ ಸಕ್ಕರೆ ಶೇ. 10ಕ್ಕಿಂತ ಕಡಿಮೆ ಇರಲಿ. ಶೇ. 5ಕ್ಕಿಂತ ಕೆಳಗೆ ಇಳಿಸಿದರೆ ಇನ್ನೂ ಒಳ್ಳೆಯದು. ಆ ಶೇ. 5 ಎಂದರೆ ಸುಮಾರು 25 ಗ್ರಾಂ. ಆರೋಗ್ಯವಂತರ ಇಡೀ ದಿನದ ಪಾಲು ಒಂದು ಚಿಕ್ಕ ಬಾಟಲಿಯಲ್ಲೇ ಮುಗಿಯಿತು. ಕಾಫಿ, ಟೀಗೆ ಹಾಕಿದ ಸಕ್ಕರೆ, ಬಿಸ್ಕತ್ತು, ಹಬ್ಬದ ಹೋಳಿಗೆ ಎಲ್ಲ ಇದರ ಮೇಲೆ.

ಬಿಳಿ ಸಕ್ಕರೆಯ ಒಂದೊಂದು ಕಣದಲ್ಲೂ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಇವೆರಡರ ದಾರಿ ಬೇರೆ ಬೇರೆ. ಗ್ಲೂಕೋಸನ್ನು ಮಿದುಳು, ಸ್ನಾಯು, ಹೃದಯ ಎಲ್ಲವೂ ಬಳಸುತ್ತವೆ. ಇನ್ಸುಲಿನ್ ಅದರ ಮೇಲೆ ಕಣ್ಣಿಟ್ಟಿರುತ್ತದೆ. ಫ್ರಕ್ಟೋಸ್ ಕತೆ ಹಾಗಲ್ಲ. ಸ್ವಲ್ಪ ಸ್ವಲ್ಪ ಬಂದರೆ ಸಣ್ಣ ಕರುಳೇ ಒಂದಷ್ಟನ್ನು ಸಂಭಾಳಿಸುತ್ತದೆ. ಐದೇ ನಿಮಿಷದಲ್ಲಿ ಗಟಗಟ ಕುಡಿದ ಬಾಟಲಿಯಿಂದ ಒಮ್ಮೆಲೇ ನುಗ್ಗಿದರೆ ಹೆಚ್ಚಿನದು ನೇರ ಲಿವರಿಗೆ ಹೋಗುತ್ತದೆ. ಲಿವರಿನಲ್ಲಿ ಗ್ಲೂಕೋಸ್ ಒಡೆಯುವ ದಾರಿಗೆ ‘ಸಾಕು, ನಿಲ್ಲಿಸು’ ಎನ್ನುವ ಒಂದು ತಡೆ ಇದೆ. ಫ್ರಕ್ಟೋಸ್ ಆ ತಡೆಯನ್ನು ದಾಟಿಕೊಂಡೇ ಒಳಗೆ ಬರುತ್ತದೆ. ತೂಬು ಮುಚ್ಚಲಾಗದ ಕೆರೆಯಿಂದ ಗದ್ದೆಗೆ ನೀರು ಹರಿದ ಹಾಗೆ, ಬೇಕೋ ಬೇಡವೋ ಹರಿಯುತ್ತಲೇ ಇರುತ್ತದೆ. ಲಿವರ್ ಆ ಹೆಚ್ಚುವರಿಯನ್ನು ಕೊಬ್ಬು ಮಾಡಿ ತನ್ನೊಳಗೇ ಇಟ್ಟುಕೊಳ್ಳುತ್ತದೆ. ಜೊತೆಗೆ ಈ ಕೆಲಸದಲ್ಲಿ ಜೀವಕೋಶದ ಶಕ್ತಿಯೂ ಖರ್ಚಾಗಿ ಯೂರಿಕ್ ಆಸಿಡ್ ಹೆಚ್ಚುತ್ತದೆ.

ಹೀಗಾಗಿ ಕೊಬ್ಬಿಲ್ಲದ ಪಾನೀಯದಿಂದ ಲಿವರಿನಲ್ಲಿ ಕೊಬ್ಬು ಕೂರುತ್ತದೆ. ತುಪ್ಪದ ಡಬ್ಬಿ ಮೇಲೆ ಎತ್ತಿಟ್ಟು ಕೋಲಾ ಬಾಟಲಿ ಹಾಗೇ ಬಿಟ್ಟರೆ ಏನು ಉಪಯೋಗ ಅಲ್ವಾ?

ಇದು ಬರೀ ಊಹೆಯಲ್ಲ. ಡೆನ್ಮಾರ್ಕಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ತೂಕ ಜಾಸ್ತಿ ಇದ್ದ 47 ಜನರನ್ನು ನಾಲ್ಕು ಗುಂಪು ಮಾಡಿ, ಆರು ತಿಂಗಳು ದಿನಕ್ಕೆ ಒಂದು ಲೀಟರಿನಂತೆ ಕುಡಿಯಲು ಕೊಟ್ಟರು. ಒಂದು ಗುಂಪಿಗೆ ಸಕ್ಕರೆಯ ಕೋಲಾ, ಇನ್ನೊಂದಕ್ಕೆ ಕೊಬ್ಬು ಕಡಿಮೆ ಮಾಡಿದ ಹಾಲು, ಮತ್ತೊಂದಕ್ಕೆ ಡಯಟ್ ಕೋಲಾ, ಕೊನೆಯದಕ್ಕೆ ನೀರು. ಸಕ್ಕರೆ ಕೋಲಾ ಕುಡಿದವರ ಲಿವರಿನ ಕೊಬ್ಬು ಉಳಿದವರಿಗೆ ಹೋಲಿಸಿದರೆ ದುಪ್ಪಟ್ಟಿಗಿಂತ ಹೆಚ್ಚಾಯಿತು. ಹಾಲಿನಲ್ಲೂ ಕೋಲಾದಷ್ಟೇ ಕ್ಯಾಲೊರಿ ಇತ್ತು. ಆದರೂ ಹಾಲು ಕುಡಿದವರಿಗೆ ಹಾಗಾಗಲಿಲ್ಲ. ಅಂದರೆ ಕ್ಯಾಲೊರಿ ಒಂದನ್ನೇ ದೂರಿ ಸುಮ್ಮನಾಗುವ ಹಾಗಿಲ್ಲ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 94 ಆರೋಗ್ಯವಂತ ಯುವಕರ ಮೇಲೆ ನಡೆದ ಪ್ರಯೋಗ 2021ರಲ್ಲಿ ಹೊರಬಂತು. ಏಳು ವಾರ ದಿನಕ್ಕೆ 80 ಗ್ರಾಂ ಸಕ್ಕರೆಯನ್ನು ಪಾನೀಯದ ರೂಪದಲ್ಲಿ ಕೊಟ್ಟಾಗ, ಫ್ರಕ್ಟೋಸ್ ಅಥವಾ ಮಾಮೂಲಿ ಸಕ್ಕರೆ ಕುಡಿದವರ ಲಿವರ್ ಕೊಬ್ಬು ತಯಾರಿಸುವ ವೇಗ ಎರಡು ಪಟ್ಟಾಯಿತು. ಅವರು ದಪ್ಪಗಿರಲಿಲ್ಲ, ರೋಗಿಗಳೂ ಅಲ್ಲ.

ಒಳ್ಳೆಯ ಸುದ್ದಿಯೂ ಇದೆ. ಅಮೆರಿಕದಲ್ಲಿ ಫ್ಯಾಟಿ ಲಿವರ್ ಇದ್ದ 40 ಹದಿಹರೆಯದ ಹುಡುಗರ ಮೇಲೆ ಒಂದು ಅಧ್ಯಯನ ನಡೆದು 2019ರಲ್ಲಿ ಪ್ರಕಟವಾಯಿತು. ಅರ್ಧ ಹುಡುಗರಿಗೆ ಎಂಟು ವಾರ ಸೇರಿಸಿದ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ ಇರುವ ಊಟ ಕೊಟ್ಟರು. ಅವರ ಲಿವರಿನ ಕೊಬ್ಬು ಸರಾಸರಿ ಶೇ. 25ರಿಂದ ಶೇ. 17ಕ್ಕೆ ಇಳಿಯಿತು. ಎಂದಿನಂತೆ ತಿಂದವರದ್ದು ಶೇ. 21ರಿಂದ ಶೇ. 20ಕ್ಕೆ ಮಾತ್ರ. ಎಂಟೇ ವಾರ! ಲಿವರ್ ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ನೋಡಿ.

ಫ್ಯಾಟಿ ಲಿವರಿಗೆ 2023ರಿಂದ ವೈದ್ಯಲೋಕದಲ್ಲಿ ಹೊಸ ಹೆಸರು ಬಂದಿದೆ, ಎಂಎಎಸ್‌ಎಲ್‌ಡಿ ಅಂತ. ರಿಪೋರ್ಟಿನಲ್ಲಿ ಹೊಸದಾಗಿ ಕಂಡರೆ ಗಾಬರಿ ಬೇಡ, ಕಾಯಿಲೆ ಅದೇ. ದೆಹಲಿಯ ಏಮ್ಸ್ ಸಂಶೋಧಕರು ದೇಶದ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ಭಾರತದ ವಯಸ್ಕರಲ್ಲಿ ಸುಮಾರು ಶೇ. 38 ಮಂದಿಗೆ ಇದು ಇದೆ. ಮಕ್ಕಳಲ್ಲೂ ಸುಮಾರು ಮೂರನೇ ಒಂದು ಭಾಗ, ಅದರಲ್ಲೂ ತೂಕ ಹೆಚ್ಚಿರುವವರಲ್ಲಿ ಇನ್ನೂ ಜಾಸ್ತಿ. ನಮ್ಮಲ್ಲಿ ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರಿಗೂ ಇದು ಸಾಮಾನ್ಯ. ಹತ್ತು ರೂಪಾಯಿಗೆ 200 ಮಿ.ಲೀ. ಬಾಟಲಿ ಹಳ್ಳಿಯ ಚಿಲ್ಲರೆ ಅಂಗಡಿಯಲ್ಲೂ ಸಿಗುವಾಗ ಈ ವಿಷಯ ಪೇಟೆಯವರಿಗೆ ಮಾತ್ರ ಸೇರಿದ್ದೂ ಅಲ್ಲ.

ದೀರ್ಘಕಾಲದ ಪರಿಣಾಮಕ್ಕೆ ಒಂದು ದೊಡ್ಡ ಅಧ್ಯಯನ ಇದೆ. ಅಮೆರಿಕದಲ್ಲಿ ಮುಟ್ಟು ನಿಂತ 98,786 ಮಹಿಳೆಯರನ್ನು ಸುಮಾರು ಇಪ್ಪತ್ತು ವರ್ಷ ಗಮನಿಸಿ, 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ತಿಂಗಳಿಗೆ ಮೂರು ಅಥವಾ ಅದಕ್ಕಿಂತ ಕಡಿಮೆ ಸಿಹಿ ಪಾನೀಯ ಕುಡಿದವರಿಗೆ ಹೋಲಿಸಿದರೆ, ದಿನಕ್ಕೆ ಒಂದು ಅಥವಾ ಹೆಚ್ಚು ಕುಡಿದವರಲ್ಲಿ ಲಿವರ್ ಕ್ಯಾನ್ಸರ್ ಶೇ. 85ರಷ್ಟು, ಲಿವರ್ ಕಾಯಿಲೆಯಿಂದ ಸಾವು ಶೇ. 68ರಷ್ಟು ಹೆಚ್ಚು ಕಂಡವು. ಲಿವರ್ ಕ್ಯಾನ್ಸರ್ ಮೂಲತಃ ಅಪರೂಪವಾದ್ದರಿಂದ ಈ ಸಂಖ್ಯೆ ನೋಡಿ ನಾಳೆಯೇ ಕ್ಯಾನ್ಸರ್ ಬಂದೀತು ಎಂದುಕೊಳ್ಳಬೇಕಿಲ್ಲ. ಇಂಥ ಅಧ್ಯಯನ ಜೊತೆಜೊತೆಗೆ ಕಂಡದ್ದನ್ನು ತೋರಿಸುತ್ತದೆ. ಇದರಿಂದಲೇ ಅದಾಯಿತು ಎಂದು ಸಾಬೀತು ಮಾಡುವುದಿಲ್ಲ.

ಬೆಲ್ಲ, ಜೇನು, ಕಲ್ಲುಸಕ್ಕರೆ ಹಾಕಿ ಮನೆಯಲ್ಲೇ ಶರಬತ್ತು ಮಾಡಿಕೊಂಡರೆ? ಲಿವರಿಗೆ ಅವೂ ಅದೇ ಗ್ಲೂಕೋಸ್, ಅದೇ ಫ್ರಕ್ಟೋಸ್. ಡಬ್ಬಿ ಜ್ಯೂಸಿನಲ್ಲೂ ಹೆಚ್ಚುಕಡಿಮೆ ಕೋಲಾದಷ್ಟೇ ಸಕ್ಕರೆ. ಇಡೀ ಹಣ್ಣಿನ ಮಾತು ಬೇರೆ. ಒಂದು ಕಿತ್ತಳೆ ತಿನ್ನಲು ಹೊತ್ತು ಬೇಕು, ನಾರು ಇದೆ, ಫ್ರಕ್ಟೋಸ್ ಸಣ್ಣ ಪ್ರಮಾಣದಲ್ಲಿ ನಿಧಾನಕ್ಕೆ ಬರುತ್ತದೆ. ಫ್ಯಾಟಿ ಲಿವರ್ ಇದೆಯೆಂದು ಹಣ್ಣು ಬಿಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಇದೇ ಜಾಗದಲ್ಲಿ ಕಬ್ಬಿನ ಹಾಲಿನ ವಿಷಯವನ್ನೂ ಹೇಳಬೇಕು. ಕಾಮಾಲೆ ಬಂತೆಂದರೆ ನಮ್ಮಲ್ಲಿ ಮೊದಲ ಸಲಹೆಯೇ ಕಬ್ಬಿನ ಹಾಲು. ವೈರಸ್‌ನಿಂದ ಬಂದ ಕಾಮಾಲೆಯಲ್ಲಿ ವಾಕರಿಕೆ ಇರುತ್ತದೆ, ಊಟ ಸೇರುವುದಿಲ್ಲ, ಆಗ ಸಿಹಿ ಪಾನೀಯದಿಂದ ಸ್ವಲ್ಪ ಶಕ್ತಿ ಬರುತ್ತದೆ ನಿಜ. ಆದರೆ ಅದು ಕಾಮಾಲೆಗೆ ಔಷಧಿ ಅಲ್ಲ. ಒಂದು ದೊಡ್ಡ ಲೋಟದಲ್ಲಿ ಕೋಲಾಗಿಂತ ಕಡಿಮೆ ಸಕ್ಕರೆಯೇನೂ ಇರುವುದಿಲ್ಲ. ಫ್ಯಾಟಿ ಲಿವರ್ ಅಥವಾ ಸಕ್ಕರೆ ಕಾಯಿಲೆ ಇದ್ದವರು ಅದನ್ನು ಲಿವರ್ ಟಾನಿಕ್ ಎಂದು ದಿನಾ ಕುಡಿದರೆ ಉಲ್ಟಾ ಹೊಡೆಯುತ್ತದೆ.

ಡಯಟ್ ಕೋಲಾ, ಝೀರೋ ಕೋಲಾ

ಸಕ್ಕರೆಯೇ ಸಮಸ್ಯೆ ಎಂದಾದರೆ ಸಕ್ಕರೆ ಇಲ್ಲದ್ದನ್ನು ಕುಡಿದರಾಯಿತು ಅಲ್ವಾ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲಿ ಉತ್ತರ ಅಷ್ಟು ನೇರ ಇಲ್ಲ.

ಮೇಲೆ ಹೇಳಿದ ಡೆನ್ಮಾರ್ಕ್ ಪ್ರಯೋಗದಲ್ಲಿ ಡಯಟ್ ಕೋಲಾ ಕುಡಿದವರ ಲಿವರಿನಲ್ಲಿ ಕೊಬ್ಬು ಏರಲಿಲ್ಲ. ಅಮೆರಿಕದ ಮಹಿಳೆಯರ ಅಧ್ಯಯನದಲ್ಲೂ ಕೃತಕ ಸಿಹಿಯ ಪಾನೀಯಕ್ಕೂ ಲಿವರ್ ಕ್ಯಾನ್ಸರಿಗೂ ಸ್ಪಷ್ಟ ನಂಟು ಕಾಣಲಿಲ್ಲ. ಇನ್ನೊಂದು ಕಡೆ, ಬ್ರಿಟನ್ನಿನ 1,20,000ಕ್ಕೂ ಹೆಚ್ಚು ಜನರ ಮಾಹಿತಿ ನೋಡಿದ ಅಧ್ಯಯನವೊಂದನ್ನು 2025ರ ಅಕ್ಟೋಬರ್‌ನಲ್ಲಿ ಬರ್ಲಿನ್‌ನ ವೈದ್ಯಕೀಯ ಸಮ್ಮೇಳನದಲ್ಲಿ ಮಂಡಿಸಿದರು. ದಿನಕ್ಕೆ ಒಂದು ಕ್ಯಾನಿನಷ್ಟು ಸಿಹಿ ಪಾನೀಯ ಕುಡಿಯುವವರಲ್ಲಿ ಫ್ಯಾಟಿ ಲಿವರ್ ಸಾಧ್ಯತೆ ಶೇ. 50ರಷ್ಟು ಹೆಚ್ಚು, ಡಯಟ್ ಪಾನೀಯ ಕುಡಿಯುವವರಲ್ಲಿ ಶೇ. 60ರಷ್ಟು ಹೆಚ್ಚು ಎಂದು ಅದರಲ್ಲಿತ್ತು. ಈ ಸುದ್ದಿ ಓದಿ ‘ಡಯಟ್ ಕೋಲಾ ಸಕ್ಕರೆಗಿಂತ ಕೆಟ್ಟದ್ದು’ ಎಂದು ಹಂಚಿದವರು ಬಹಳ. ನನಗೆ ಅಷ್ಟು ಧೈರ್ಯದ ತೀರ್ಮಾನ ಸರಿ ಕಾಣುವುದಿಲ್ಲ. ಡಯಟ್ ಪಾನೀಯಕ್ಕೆ ಹೋಗುವವರು ಸಾಮಾನ್ಯವಾಗಿ ಯಾರು? ಆಗಲೇ ತೂಕ ಹೆಚ್ಚಾದವರು, ಸಕ್ಕರೆ ಕಾಯಿಲೆ ಶುರುವಾದವರು. ಅವರಿಗೆ ಫ್ಯಾಟಿ ಲಿವರ್ ಬರುವ ಸಾಧ್ಯತೆ ಮೊದಲೇ ಜಾಸ್ತಿ. ಸಂಶೋಧಕರು ಲೆಕ್ಕದಲ್ಲಿ ಅದನ್ನು ಸರಿದೂಗಿಸಲು ಎಷ್ಟೇ ಪ್ರಯತ್ನಿಸಿದರೂ ಪೂರ್ತಿ ಆಗುವುದಿಲ್ಲ. ಅದೇ ಅಧ್ಯಯನದಲ್ಲಿ ಎರಡರ ಜಾಗದಲ್ಲೂ ನೀರು ಕುಡಿದರೆ ಅಪಾಯ ಇಳಿಯುತ್ತದೆ ಎಂದೂ ಕಂಡಿತು. ಆ ಮಾತನ್ನು ಧಾರಾಳವಾಗಿ ನಂಬಬಹುದು.

ಡಯಟ್ ಪಾನೀಯಗಳಿಗೆ ಹಾಕುವ ಕೃತಕ ಸಿಹಿ ಆಸ್ಪರ್ಟೇಮ್ ಬಗ್ಗೆ 2023ರ ಜುಲೈನಲ್ಲಿ ದೊಡ್ಡ ಗದ್ದಲ ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು’ ಎಂಬ ಪಟ್ಟಿಗೆ ಸೇರಿಸಿತು. ಅವರು ನೋಡಿದ್ದು ಲಿವರ್ ಕ್ಯಾನ್ಸರಿನ ಬಗೆಗಿನ ಕೆಲವೇ ಅಧ್ಯಯನಗಳನ್ನು, ಅದೂ ದುರ್ಬಲ ಪುರಾವೆ ಎಂದು ಅವರೇ ಹೇಳಿದರು. ಅದೇ ಹೊತ್ತಿಗೆ ಆಹಾರ ಸುರಕ್ಷತೆಯ ತಜ್ಞರ ಸಮಿತಿ, ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 40 ಮಿ.ಗ್ರಾಂ. ಎಂಬ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. ಎಪ್ಪತ್ತು ಕೆಜಿಯ ಮನುಷ್ಯ ಆ ಮಿತಿ ದಾಟಬೇಕಾದರೆ ದಿನಕ್ಕೆ ಒಂಬತ್ತರಿಂದ ಹದಿನಾಲ್ಕು ಕ್ಯಾನ್ ಕುಡಿಯಬೇಕು. ಹಾಗಾಗಿ ಅಪರೂಪಕ್ಕೆ ಒಂದು ಡಯಟ್ ಕೋಲಾ ಕುಡಿದವರು ಹೆದರುವ ಕಾರಣ ಇಲ್ಲ.

ನನ್ನ ಅಭಿಪ್ರಾಯ ಇಷ್ಟು. ದಿನಾ ಸಕ್ಕರೆ ಕೋಲಾ ಕುಡಿಯುವ ಚಟ ಇದ್ದವರಿಗೆ ಅದರಿಂದ ಇಳಿದು ಬರಲು ಡಯಟ್ ಕೋಲಾ ಕೆಲವು ವಾರ ನೆರವಾಗಬಹುದು. ಅಲ್ಲೇ ಖಾಯಂ ಆಗಿ ನಿಲ್ಲುವುದು ಬೇಡ. ತೂಕ ಇಳಿಸಲು ಕೃತಕ ಸಿಹಿಯನ್ನು ನೆಚ್ಚಿಕೊಳ್ಳಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2023ರ ಮೇ ತಿಂಗಳಲ್ಲಿ ಹೇಳಿದೆ.

ಹೊಟ್ಟೆಯಲ್ಲಿ ನೀರು ತುಂಬಿದಾಗ

ಸಿರೋಸಿಸ್ ಎಂದರೆ ಲಿವರ್ ಗಾಯದ ಕಲೆಗಳಿಂದ ಗಟ್ಟಿಯಾದ ಸ್ಥಿತಿ. ಕರುಳಿನಿಂದ ಬರುವ ರಕ್ತ ಸಲೀಸಾಗಿ ಲಿವರನ್ನು ದಾಟಲು ಆಗುವುದಿಲ್ಲ, ಹಿಂದೆ ಒತ್ತಡ ಏರುತ್ತದೆ. ದೇಹ ಉಪ್ಪನ್ನು, ಅದರ ಹಿಂದೆಯೇ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ನೀರು ಹೊಟ್ಟೆಯಲ್ಲಿ, ಕಾಲಿನಲ್ಲಿ ಸೇರುತ್ತದೆ. ಈ ಹಂತದಲ್ಲಿ ಸಕ್ಕರೆಗಿಂತ ಮೊದಲು ನೋಡಬೇಕಾದದ್ದು ಸೋಡಿಯಂ.

ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ವೈದ್ಯರು ಸಾಮಾನ್ಯವಾಗಿ ಹೇಳುವುದು ದಿನಕ್ಕೆ 2 ಗ್ರಾಂ ಸೋಡಿಯಂ. ಉಪ್ಪಿನ ಲೆಕ್ಕದಲ್ಲಿ 5 ಗ್ರಾಂ, ಒಂದು ಮಟ್ಟಸ ಟೀ ಚಮಚ. ಇಡೀ ದಿನದ ಸಾರು, ಪಲ್ಯ, ಚಪಾತಿ, ಮಜ್ಜಿಗೆ ಎಲ್ಲ ಸೇರಿ ಅಷ್ಟೇ. ನಮ್ಮ ಮಾಮೂಲಿ ಊಟದಲ್ಲಿ ಹತ್ತಿರ ಹತ್ತಿರ ಇದರ ಎರಡು ಪಟ್ಟು ಇರುತ್ತದೆ.

ಈಗ ಪಾನೀಯಗಳನ್ನು ನೋಡಿ. ಕೋಲಾದಲ್ಲಿ ಸೋಡಿಯಂ ಕಡಿಮೆಯೇ. ಗುಳ್ಳೆ ನೀರಿಗೆ ಬೇರೇನೂ ಹಾಕದಿದ್ದರೆ ಅದರಲ್ಲೂ ಹೆಚ್ಚಿಲ್ಲ. ಆದರೆ ಬಾಟಲಿ ಸೋಡಾಗಳಲ್ಲಿ ಕೆಲವಕ್ಕೆ ರುಚಿಗಾಗಿ ಸೋಡಿಯಂ ಬೈಕಾರ್ಬನೇಟ್‌ನಂಥ ಲವಣ ಸೇರಿಸಿರುತ್ತಾರೆ, ಲೇಬಲ್ಲಿನ ಸೋಡಿಯಂ ಸಾಲನ್ನು ಓದಲೇಬೇಕು. ನಿಜವಾದ ಮೋಸ ಉಪ್ಪು ಹಾಕಿದ ಸೋಡಾದಲ್ಲಿದೆ. ಸಾಲ್ಟ್ ಸೋಡಾ, ಮಸಾಲಾ ಸೋಡಾ, ಜೀರಾ ಸೋಡಾ, ನಿಂಬೆಹಣ್ಣು ಹಿಂಡಿ ಉಪ್ಪು ಉದುರಿಸಿದ ಗೋಲಿ ಸೋಡಾ. ಅಂಗಡಿಯವರು ಅರ್ಧ ಚಮಚ ಉಪ್ಪು ಹಾಕಿದರೆ ಸುಮಾರು ಒಂದು ಗ್ರಾಂ ಸೋಡಿಯಂ ಹೋಯಿತು. ದಿನದ ಪಾಲಿನಲ್ಲಿ ಅರ್ಧ, ಒಂದೇ ಲೋಟಕ್ಕೆ. ‘ಇದು ಕಪ್ಪು ಉಪ್ಪು, ಸೈಂಧವ ಉಪ್ಪು, ಏನೂ ಆಗಲ್ಲ’ ಎನ್ನುವವರೂ ಇದ್ದಾರೆ. ಎರಡರಲ್ಲೂ ಬಹುಪಾಲು ಸೋಡಿಯಂ ಕ್ಲೋರೈಡೇ.

ಇದಕ್ಕಿಂತ ನನ್ನನ್ನು ಕಾಡುವ ವಿಷಯ ಇನ್ನೊಂದಿದೆ. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಹೊಟ್ಟೆ ಉಬ್ಬರಿಸಿದ ಹಾಗೆ, ಬಿಗಿದ ಹಾಗೆ ಅನ್ನಿಸುತ್ತದೆ. ಅವರೂ ಮನೆಯವರೂ ಅದನ್ನು ಗ್ಯಾಸ್ ಎಂದುಕೊಳ್ಳುತ್ತಾರೆ. ಗ್ಯಾಸಿಗೆ ನಮ್ಮಲ್ಲಿ ಮದ್ದು ಏನು? ನೀರಿಗೆ ಹಾಕಿದರೆ ಬುಸ್ ಎನ್ನುವ ಇನೋ ಥರದ ಪುಡಿ. ಅಂಥ 5 ಗ್ರಾಮಿನ ಒಂದು ಪೊಟ್ಟಣದಲ್ಲಿ ಸುಮಾರು 800 ಮಿ.ಗ್ರಾಂ. ಸೋಡಿಯಂ ಇರುತ್ತದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಕುಡಿದರೆ ಉಪ್ಪಿಲ್ಲದ ಊಟ ಮಾಡಿದ್ದೆಲ್ಲ ವ್ಯರ್ಥ. ಸೋಡಿಯಂ ನೀರನ್ನು ಹಿಡಿಯುತ್ತದೆ, ಹೊಟ್ಟೆ ಇನ್ನೂ ಬಿಗಿಯುತ್ತದೆ, ಮತ್ತೆ ಒಂದು ಪೊಟ್ಟಣ. ನೀರು ಇಳಿಸಲು ಕೊಟ್ಟ ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ಡಾಕ್ಟರ ಹತ್ತಿರ ಹೋಗುತ್ತಾರೆ, ಈ ಪುಡಿಯ ವಿಷಯ ಹೇಳುವುದೇ ಇಲ್ಲ. ಅದು ಅಂಗಡಿಯಲ್ಲಿ ಸಿಗುವ ಸಾಮಾನು, ಔಷಧಿ ಅಂತ ಅನ್ನಿಸಿರುವುದೇ ಇಲ್ಲ. ದಯವಿಟ್ಟು ಹೇಳಿ. ನೀರಿನಲ್ಲಿ ಬುರುಬುರು ಕರಗುವ ನೋವಿನ ಮಾತ್ರೆಗಳಲ್ಲೂ ಸೋಡಿಯಂ ಬಹಳ. ಅವುಗಳಲ್ಲಿ ಆಸ್ಪಿರಿನ್ ಥರದ್ದು ಇದ್ದರೆ ಸಿರೋಸಿಸ್ ಇದ್ದವರ ಕಿಡ್ನಿಗೆ, ರಕ್ತಸ್ರಾವಕ್ಕೆ ಇನ್ನೊಂದು ಅಪಾಯ.

ಸೋಡಾ ಕುಡಿದು ತೇಗು ಬಂದಾಗ ಹಾಯ್ ಎನ್ನಿಸುತ್ತದೆ. ಆ ತೇಗಿನಲ್ಲಿ ಹೊರಗೆ ಬಂದದ್ದು ಬಹುಪಾಲು ಈಗ ತಾನೇ ಕುಡಿದ ಗ್ಯಾಸು. ಹೊಟ್ಟೆಯಲ್ಲಿ ತುಂಬಿದ ನೀರು ಅದರಿಂದ ಒಂದು ಹನಿಯೂ ಕಡಿಮೆಯಾಗುವುದಿಲ್ಲ.

ರಕ್ತನಾಳ ಒಡೆಯುತ್ತದೆಯೇ?

ಸಿರೋಸಿಸ್‌ನಲ್ಲಿ ಅನ್ನನಾಳದ ರಕ್ತನಾಳಗಳು ಉಬ್ಬುತ್ತವೆ, ಕೆಲವರಿಗೆ ಒಡೆದು ರಕ್ತ ವಾಂತಿಯಾಗುತ್ತದೆ. ಸೋಡಾದ ಗುಳ್ಳೆ ಅದನ್ನು ಒಡೆಯುತ್ತದೆ ಎಂಬುದಕ್ಕೆ ಆಧಾರ ಇಲ್ಲ. ಒಡೆಯುವುದು ರಕ್ತನಾಳದ ಒಳಗಿನ ಒತ್ತಡದಿಂದ. ಎಂಡೋಸ್ಕೋಪಿ ಮಾಡಿ ಆ ನಾಳಗಳಿಗೆ ಬ್ಯಾಂಡ್ ಹಾಕಿದ ಮೇಲಿನ ಕೆಲವು ದಿನ ಮಾತ್ರ ಮೆತ್ತಗಿನ, ಬಿಸಿಯಿಲ್ಲದ ಆಹಾರ ತಿನ್ನಬೇಕು. ಆಗ ಗ್ಯಾಸಿನ ಪಾನೀಯವನ್ನೂ ಬಿಟ್ಟಿರುವುದು ಒಳ್ಳೆಯದು. ಹುಳಿತೇಗು, ಎದೆಯುರಿ ಇದ್ದವರಿಗೆ ಸೋಡಾದಿಂದ ಅದು ಹೆಚ್ಚಬಹುದು.

ಸಿರೋಸಿಸ್ ಇದ್ದವರು ಗುಳ್ಳೆ ಪಾನೀಯದಿಂದ ದೂರ ಇರಲು ಇದಕ್ಕಿಂತ ದೊಡ್ಡ ಕಾರಣ ಹಸಿವು. ಒಳಗೆ ನೀರು ತುಂಬಿ ಜಠರಕ್ಕೆ ಜಾಗವೇ ಕಡಿಮೆ. ಎರಡು ತುತ್ತಿಗೆ ಸಾಕು ಎನ್ನಿಸುತ್ತದೆ. ಆ ಜಾಗವನ್ನು ಗ್ಯಾಸು ತುಂಬಿಕೊಂಡರೆ ಅನ್ನ, ಬೇಳೆ, ಮೊಟ್ಟೆ ಎಲ್ಲಿಗೆ ಹೋಗಬೇಕು? ಈ ರೋಗಿಗಳ ತೋಳು, ತೊಡೆಯ ಸ್ನಾಯು ಕರಗುತ್ತಾ ಹೋಗುತ್ತದೆ. ಅದಕ್ಕೇ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು, ಸುಮಾರು 35 ಕ್ಯಾಲೊರಿ ಬೇಕು ಎನ್ನುತ್ತಾರೆ. ಮಲಗುವ ಮುಂಚೆ ಒಂದು ಸಣ್ಣ ತಿಂಡಿಯನ್ನೂ ಹೇಳುತ್ತಾರೆ. ಊಟದ ಜೊತೆ ಸೋಡಾ ಬೇಡ. ಕುಡಿಯಲೇಬೇಕು ಎನ್ನಿಸಿದರೆ ಊಟವಾಗಿ ಒಂದು ಗಂಟೆ ಕಳೆಯಲಿ, ಅರ್ಧ ಲೋಟ ಸಾಕು.

ನೀರನ್ನೇ ಕಡಿಮೆ ಕುಡಿಯಬೇಕೇ ಎಂಬ ಪ್ರಶ್ನೆ ಬೇರೆ. ಸಿರೋಸಿಸ್ ಇರುವ ಎಲ್ಲರಿಗೂ ಆ ನಿರ್ಬಂಧ ಇಲ್ಲ. ರಕ್ತದಲ್ಲಿ ಸೋಡಿಯಂ ಬಹಳ ಇಳಿದಾಗ, ಸಾಮಾನ್ಯವಾಗಿ 125ಕ್ಕಿಂತ ಕೆಳಗೆ ಹೋದಾಗ, ವೈದ್ಯರು ಅಳತೆ ಹಾಕಿ ಕೊಡುತ್ತಾರೆ. ಆಗ ಸೋಡಾ, ಕೋಲಾ, ಕಾಫಿ, ಸಾರು ಎಲ್ಲವೂ ಆ ಅಳತೆಯೊಳಗೇ ಬರುತ್ತವೆ.

ಗಾಡಿ ಸೋಡಾದ ನೀರು ಎಲ್ಲಿಯದು?

ಹೊರದೇಶದ ಸಲಹೆಗಳಲ್ಲಿ ಈ ಮಾತು ಅಷ್ಟಾಗಿ ಕಾಣುವುದಿಲ್ಲ, ನಮಗೆ ಇದು ಬಹಳ ಮುಖ್ಯ. ಹೆಪಟೈಟಿಸ್ ಎ ಮತ್ತು ಇ ವೈರಸ್ ಹರಡುವುದು ಕೊಳಕು ನೀರಿನಿಂದ. ಆರೋಗ್ಯವಂತರಿಗೆ ಬಂದರೆ ಬಹುತೇಕ ಕೆಲವು ವಾರ ಕಾಮಾಲೆಯಾಗಿ ವಾಸಿಯಾಗುತ್ತದೆ. ಆಗಲೇ ಸಿರೋಸಿಸ್ ಇದ್ದವರಿಗೆ ಬಂದರೆ, ಹೇಗೋ ನಡೆಯುತ್ತಿದ್ದ ಲಿವರ್ ದಿಢೀರನೆ ಕೈಕೊಡಬಹುದು, ಪ್ರಾಣಕ್ಕೇ ಅಪಾಯ. ನಮ್ಮ ದೇಶದಲ್ಲಿ ಇಂಥ ದಿಢೀರ್ ವೈಫಲ್ಯಕ್ಕೆ ಹೆಪಟೈಟಿಸ್ ಇ ಒಂದು ಮುಖ್ಯ ಕಾರಣ. ಹಾಗಾಗಿ ಬೇಸಿಗೆಯಲ್ಲಿ ಗಾಡಿಯಲ್ಲಿ ಮಾರುವ ಸೋಡಾ, ಅದಕ್ಕೆ ಹಾಕುವ ಐಸ್, ಲೋಟ ತೊಳೆಯುವ ಬಕೆಟ್ಟಿನ ನೀರು, ಐಸ್ ಹಾಕಿದ ಕಬ್ಬಿನ ಹಾಲು, ಇವುಗಳ ವಿಷಯದಲ್ಲಿ ಸಿರೋಸಿಸ್ ಇರುವವರು ಕಟ್ಟುನಿಟ್ಟಾಗಿರಬೇಕು. ಮುಚ್ಚಳ ಬಿಗಿಯಾಗಿರುವ ಬಾಟಲಿ ಈ ಒಂದು ಲೆಕ್ಕದಲ್ಲಿ ಗಾಡಿ ಸೋಡಾಗಿಂತ ಮೇಲು. ಹೆಪಟೈಟಿಸ್ ಎಗೆ ಲಸಿಕೆ ಇದೆ, ನಿಮಗೆ ಬೇಕೇ ಎಂದು ಲಿವರ್ ಡಾಕ್ಟರನ್ನು ಕೇಳಿ.

ಎನರ್ಜಿ ಡ್ರಿಂಕ್ ಬಗ್ಗೆ ಎರಡೇ ಮಾತು. ಸಕ್ಕರೆ, ಕೆಫೀನ್ ಜೊತೆ ಅದರಲ್ಲಿ ವಿಟಮಿನ್ನುಗಳನ್ನೂ ತುಂಬಿರುತ್ತಾರೆ. ಮೂರು ವಾರ ದಿನಕ್ಕೆ ನಾಲ್ಕೈದು ಬಾಟಲಿ ಕುಡಿದ 50 ವರ್ಷದ ಕಟ್ಟಡ ಕೆಲಸಗಾರನಿಗೆ ಲಿವರ್ ಊತ ಬಂದ ಪ್ರಕರಣ ಅಮೆರಿಕದಿಂದ 2016ರಲ್ಲಿ ವರದಿಯಾಗಿತ್ತು. ಅದರಲ್ಲಿದ್ದ ನಯಾಸಿನ್ ವಿಟಮಿನ್ ಮೇಲೆ ವೈದ್ಯರ ಸಂಶಯ ಹೋಯಿತು. ಲಿವರ್ ಕಾಯಿಲೆ ಇದ್ದವರಿಗೆ ಇದು ಬೇಡವೇ ಬೇಡ. ಇನ್ನು ಮದ್ಯಕ್ಕೆ ಸೋಡಾ ಬೆರೆಸಿದರೆ ಲಿವರಿಗೆ ಹಗುರವಾಗುತ್ತದೆ ಎನ್ನುವ ಮಾತು ಪೂರ್ತಿ ಸುಳ್ಳು. ಒಳಗೆ ಹೋದ ಆಲ್ಕೋಹಾಲ್ ಅಷ್ಟೇ ಇರುತ್ತದೆ. ಡಯಟ್ ಪಾನೀಯ ಬೆರೆಸಿದರಂತೂ ಜಠರ ಬೇಗ ಖಾಲಿಯಾಗಿ ಮದ್ಯ ಇನ್ನೂ ಬೇಗ ರಕ್ತಕ್ಕೆ ಏರುತ್ತದೆ.

ಲಿವರ್ ಕಸಿಯಾದವರು, ದೇಹ ಹೊಸ ಲಿವರನ್ನು ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಗ್ರೇಪ್‌ಫ್ರೂಟ್ ಹಣ್ಣಿನ ಬಗ್ಗೆ ಎಚ್ಚರ ಇರಬೇಕು. ಅದು ಕರುಳಿನಲ್ಲಿ ಈ ಔಷಧಿಯನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ. ರಕ್ತದಲ್ಲಿ ಔಷಧಿ ಏರಿ ಕಿಡ್ನಿಗೆ ಪೆಟ್ಟಾಗುತ್ತದೆ. ಕೆಲವು ಸಿಟ್ರಸ್ ಸೋಡಾಗಳಲ್ಲಿ ಈ ಹಣ್ಣಿನ ರಸ ಇರುತ್ತದೆ, ಹೊರದೇಶದಲ್ಲಿರುವ ಕನ್ನಡಿಗರು ಲೇಬಲ್ ನೋಡಿಯೇ ಕೊಳ್ಳಬೇಕು. ಇಲ್ಲಿರುವವರಿಗೆ ಅದರ ಹತ್ತಿರದ ನೆಂಟ ಚಕ್ಕೋತ. ದೇವನಹಳ್ಳಿ ಚಕ್ಕೋತ ಎಷ್ಟೇ ರುಚಿಯಿದ್ದರೂ ಈ ಮಾತ್ರೆ ನುಂಗುವವರು ಬಿಡಬೇಕು.

ಮತ್ತೇನು ಕುಡಿಯೋದು?

ಗುಳ್ಳೆಯ ಆಸೆ ಇದ್ದರೆ ಸಾದಾ ಸೋಡಾಗೆ ನಿಂಬೆರಸ ಹಿಂಡಿ, ಪುದೀನ ಎಲೆ ಜಜ್ಜಿ ಹಾಕಿ. ಸಕ್ಕರೆ ಬೇಡ, ಉಪ್ಪೂ ಬೇಡ. ಫ್ಯಾಟಿ ಲಿವರ್ ಇದ್ದು ಎದೆಯುರಿ ಇಲ್ಲದವರು ಇದನ್ನು ನಿಶ್ಚಿಂತೆಯಿಂದ ಕುಡಿಯಬಹುದು. ತೂಕ ಹೆಚ್ಚಿರುವವರು ಈ ಬದಲಾವಣೆಯಿಂದ ಒಟ್ಟು ತೂಕದ ಶೇ. 5 ಇಳಿಸಿದರೂ ಲಿವರಿನ ಕೊಬ್ಬು ಕರಗಲು ಶುರುವಾಗುತ್ತದೆ. ಶೇ. 7ರಿಂದ 10 ಇಳಿದರೆ ಊತವೂ ತಗ್ಗುತ್ತದೆ. ಮಜ್ಜಿಗೆ ಒಳ್ಳೆಯದು, ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಉಪ್ಪಿಲ್ಲದೆ. ಎಳನೀರು ಹೆಚ್ಚಿನವರಿಗೆ ಸರಿ. ನೀರು ಇಳಿಸಲು ಕೊಡುವ ಸ್ಪೈರನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ದಿನಾ ಕುಡಿಯುವ ಮೊದಲು ಡಾಕ್ಟರನ್ನು ಕೇಳಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ ಇದೆ, ಆ ಮಾತ್ರೆಯೂ ಅದನ್ನೇ ಏರಿಸುತ್ತದೆ.

ಕಾಫಿ ಪ್ರಿಯರಿಗೆ ಸಂತೋಷದ ವಿಷಯ. ದಿನಕ್ಕೆ ಎರಡು ಮೂರು ಕಪ್ ಕಾಫಿ ಕುಡಿಯುವವರಲ್ಲಿ ಸಿರೋಸಿಸ್, ಲಿವರ್ ಕ್ಯಾನ್ಸರ್ ಎರಡೂ ಕಡಿಮೆ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳುತ್ತಲೇ ಬಂದಿವೆ. ನಮ್ಮ ಚಿಕ್ಕಮಗಳೂರು, ಕೊಡಗಿನ ಕಾಫಿಯ ಫಿಲ್ಟರ್ ಡಿಕಾಕ್ಷನ್ನಿಗೆ ಸಕ್ಕರೆ ಕಡಿಮೆ ಮಾಡುತ್ತಾ ಬಂದರೆ ಕೋಲಾದ ಜಾಗವನ್ನು ಅದು ಚೆನ್ನಾಗಿ ತುಂಬುತ್ತದೆ. ನಿದ್ದೆ ಬಾರದವರು ಸಂಜೆಯ ಮೇಲೆ ಬೇಡ.

ಸಕ್ಕರೆಯ ಕೋಲಾ ನಿಜಕ್ಕೂ ಬೇಕಾಗುವ ಒಂದು ಸಂದರ್ಭ ಇದೆ. ಹಾಳಾದ ಲಿವರ್ ಗ್ಲೂಕೋಸನ್ನು ಸಾಕಷ್ಟು ಕೂಡಿಟ್ಟುಕೊಳ್ಳಲಾರದು. ಸಿರೋಸಿಸ್ ಜೊತೆ ಸಕ್ಕರೆ ಕಾಯಿಲೆಯೂ ಇದ್ದು ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದ್ದಕ್ಕಿದ್ದಂತೆ ಶುಗರ್ ಇಳಿಯಬಹುದು. ಬೆವರು, ನಡುಕ, ತಡವರಿಸುವ ಮಾತು ಕಂಡರೆ ಮೊದಲು ಗ್ಲೂಕೋಮೀಟರಿನಲ್ಲಿ ನೋಡಿ. ಶುಗರ್ 70ಕ್ಕಿಂತ ಕೆಳಗಿದ್ದು, ಎಚ್ಚರ ಇದ್ದು ನುಂಗಲು ಆಗುತ್ತಿದ್ದರೆ ಸುಮಾರು 150 ಮಿ.ಲೀ. ಮಾಮೂಲಿ ಕೋಲಾ ಕೊಡಿ. ಡಯಟ್ ಕೋಲಾ ಕೊಟ್ಟರೆ ಏನೂ ಪ್ರಯೋಜನ ಇಲ್ಲ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಮಂಪರು ಹೆಚ್ಚಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಹೊರಡಿ. ಶುಗರ್ ಸರಿಯಿದ್ದೂ ಮಾತು ತಪ್ಪುತ್ತಿದ್ದರೆ ಅದು ಲಿವರಿನ ವಿಷ ಮಿದುಳಿಗೆ ಏರಿದ ಲಕ್ಷಣ ಇರಬಹುದು, ಆಗಲೂ ತಡ ಮಾಡದೆ ಆಸ್ಪತ್ರೆಗೇ ಕರೆದುಕೊಂಡು ಹೋಗಿ.